ಕ್ರಾಪು ಮಾಡಿಸಿಕೊಂಡ ಎಮ್ಮೆ

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಪುಸ್ತಕ ಅಂದಮೇಲೆ ಅದರಲ್ಲಿ ಅಕ್ಷರ ಇರಬೇಕು ಎಂದು ನಂಬಿಕೊಂಡು ಬಂದವನು. ಹಾಗಾಗಿ ನನ್ನ ಮಗಳಿಗೆ ಮೂರು ತುಂಬಿದ ವರ್ಷ ಶಿಡ್ಲಘಟ್ಟದ ಪುಸ್ತಕದಂಗಡಿಯವನು "ಸಾರ್, ಚಿಕ್ ಮಕ್ಕಳಿಗೆ ಇದು ಚೆನ್ನಾಗೈತೆ, ಬಿದ್ದೂ ಬಿದ್ದೂ ನಗ್ತಾರೆ" ಎಂದು ಒಂದು ತೆಳ್ಳನೆಯ ಚಿತ್ರದ ಪುಸ್ತಕ ಮುಂದೆ ಹಿಡಿದಾಗ ನನಗೇನೂ ನಗು ಬರಲಿಲ್ಲ. ಪುಟಕ್ಕೊಂದು ಸಾಲು. "ಎಮ್ಮೆ ಕನ್ನಡಿ ನೋಡಿತು." ಹಾಳೆ ತಿರುವಿದರೆ "ಕೂದಲು ತುಂಬ ಬೆಳೆದಿತ್ತು." ಇನ್ನೊಂದು ತಿರುವಿದರೆ "ಎಮ್ಮೆ ಕ್ಷೌರದ ಅಂಗಡಿಗೆ ಹೋಯಿತು." ಎಂಟನೇ ಕ್ಲಾಸಿನವನು ಯಾರಾದರೂ ಇಂಥ ಪ್ರಬಂಧ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೂ ಕೊಂಡುಕೊಂಡೆ. ಕನ್ನಡಿಯ ಮುಂದೆ ನಿಂತ ಆ ಎಮ್ಮೆಯ ಮುಖದಲ್ಲಿ ಒಂದು ಬೇಸರ ಇತ್ತು. ಭಾನುವಾರ ಬೆಳಿಗ್ಗೆ ಗಡ್ಡ ಕೆರೆಯಲು ನಿಂತಾಗ ನನಗೂ ಅದೇ ಬೇಸರ ಆಗುತ್ತಿತ್ತು.

ಮನೆಯಲ್ಲಿ ಆ ಪುಸ್ತಕವನ್ನು ಮಗಳಿಗೆ ಓದುವ ಕೆಲಸ ನನ್ನ ಹೆಂಡತಿಯ ಪಾಲಿಗೆ ಹೋಯಿತು. ಅವಳು ಚಿಂತಾಮಣಿಯಿಂದಲೂ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವಳು. ನನ್ನ ಜೊತೆ ಕನ್ನಡ, ಫೋನಿನಲ್ಲಿ ತವರಿನವರ ಜೊತೆ ತೆಲುಗು, ಸಿಟ್ಟು ಬಂದರೆ ಎರಡೂ. ನನ್ನ ಮೇಷ್ಟ್ರುಗಿರಿಯ ಬಗ್ಗೆ ಅವಳಿಗೆ ಅಂಥ ಗೌರವವೇನೂ ಇರಲಿಲ್ಲ. ಮನೆಯ ಹಿಂದಿನ ಹಿಪ್ಪುನೇರಳೆ ತೋಟ, ಅದರ ಮೂಲೆಯಲ್ಲಿದ್ದ ರೇಷ್ಮೆ ಹುಳುವಿನ ಮನೆ, ಇವೆರಡು ಅವಳ ರಾಜ್ಯ. ಆ ರಾಜ್ಯಕ್ಕೆ ನನಗೂ ಪ್ರವೇಶ ಕಷ್ಟವಿತ್ತು.

ರೇಷ್ಮೆ ಸಾಕುವವರಿಗೆ ಇದು ಗೊತ್ತು. ಹುಳು ಮನೆಗೆ ಯಾರೆಂದರೆ ಅವರು ನುಗ್ಗುವ ಹಾಗಿಲ್ಲ. ಬಾಗಿಲಲ್ಲೇ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆಯಬೇಕು. ತಲೆಗೆ ವಾಸನೆ ಎಣ್ಣೆ ಹಚ್ಚಿಕೊಂಡವರು, ಪೌಡರು ಮೆತ್ತಿಕೊಂಡವರು, ದ್ರಾಕ್ಷಿಗೋ ಟೊಮೇಟೊಗೋ ಔಷಧಿ ಹೊಡೆದು ಬಂದವರು ಆಚೆಯೇ ನಿಂತು ಮಾತಾಡಬೇಕು. ಊಜಿ ನೊಣ ಒಳಗೆ ಬಂದು ಹುಳುವಿನ ಮೇಲೆ ಮೊಟ್ಟೆಯಿಟ್ಟರೆ ಬೆಳೆ ಹಾಳು, ಅದಕ್ಕೆ ಕಿಟಕಿ ಬಾಗಿಲುಗಳಿಗೆಲ್ಲ ನೈಲಾನ್ ಪರದೆ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲಂತೂ ಬಕಾಸುರನ ವಂಶ. ಗೂಡು ಕಟ್ಟುವ ತನಕ ಅದಕ್ಕೆ ಸೊಪ್ಪು ಹಾಕುವುದು ಬಿಟ್ಟರೆ ಬೇರೆ ಬಾಳಿಲ್ಲ. ಆ ದಿನಗಳಲ್ಲಿ ನನ್ನ ಹೆಂಡತಿ ಹೊತ್ತು ಹುಟ್ಟಿದಾಗಿನಿಂದ ಒಳಗೇ ಇರುತ್ತಿದ್ದಳು. ಮೂರು ವರ್ಷದ ಮಗಳನ್ನು ಒಳಗೆ ಬಿಡುವಂತಿಲ್ಲ. ಅವಳ ಕೈಯಲ್ಲಿ ಯಾವಾಗಲೂ ಚಾಕೊಲೇಟಿನ ಅಂಟು.

ಅಮ್ಮ ಒಳಗೆ, ಮಗಳು ಆಚೆ. ಮಗಳು ಪರದೆಗೆ ಮೂಗು ಒತ್ತಿ ಒಂದೇ ಸಮ ಅಳುತ್ತಿದ್ದಳು. ಅಂಥ ಒಂದು ದಿನ ನನ್ನ ಹೆಂಡತಿ ಈ ಉಪಾಯ ಹೂಡಿದಳು.

"ಹೋಗು, ಎಮ್ಮೆ ಬುಕ್ ತಗೊಂಡ್ ಬಾ. ಓದ್ತೀನಿ."

ಮಗಳು ತಂದಳು.

"ಚಿತ್ರ ನನ್ ಕಡೆ ತಿರುಗ್ಸು. ಇನ್ನೂ ಮೇಲಕ್ಕೆ. ಹಾಂ, ಹಂಗೇ ಹಿಡ್ಕೊ."

ಮಗಳು ಪುಸ್ತಕವನ್ನು ಪರದೆಗೆ ಆನಿಸಿ ಎರಡೂ ಕೈಯಲ್ಲಿ ಹಿಡಿಯಬೇಕು. ಅಮ್ಮ ಒಳಗೆ ಹುಳುವಿನ ಮೇಲೆ ಸೊಪ್ಪಿನ ಕಡ್ಡಿ ಹರಡುತ್ತಾ ಗಟ್ಟಿಯಾಗಿ ಕಥೆ ಹೇಳಬೇಕು. ಅವಳು "ಹೂಂ, ತಿರುಗ್ಸು" ಎಂದರೆ ಮಗಳು ಹಾಳೆ ತಿರುವಬೇಕು. ಹಾಳೆ ತಿರುವುವ ಮುಂಚೆ ಪುಸ್ತಕವನ್ನು ತನ್ನ ಕಡೆಗೆ ಬಗ್ಗಿಸಿ ಒಂದು ಸಲ ಚಿತ್ರ ನೋಡಿಕೊಂಡು, ಅಮ್ಮ ಹೇಳಿದ್ದೆಲ್ಲ ಅಲ್ಲಿ ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಮೂರು ವರ್ಷದವಳಿಗೆ ಎಲ್ಲವೂ ಅಲ್ಲಿ ಇದ್ದೇ ಇರುತ್ತಿತ್ತು.

ಅಮ್ಮನ ಕಥೆಯ ಎಮ್ಮೆ ಚಿಂತಾಮಣಿಯ ಕಡೆ ಒಂದು ಮದುವೆಗೆ ಹೊರಟ ಎಮ್ಮೆ. ಅದಕ್ಕೇ ಕ್ರಾಪು ಬೇಕಾಗಿತ್ತು. ಬಸ್ಸು ಹತ್ತಿದರೆ ಕಂಡಕ್ಟರು ಕೊಂಬಿಗೆ ಬೇರೆ ಟಿಕೆಟ್ ಕೇಳಿದ. ಕ್ಷೌರದ ಅಂಗಡಿ ಇಟ್ಟಿದ್ದ ಕಾಗೆ ಕನ್ನಡದವನು, ಎಮ್ಮೆ ಮಾತ್ರ ಅಪ್ಪಟ ತೆಲುಗು.

"ಏಮಪ್ಪಾ ಕಾಕಿ, ನಾಕು ಕ್ರಾಪು ಕಾವಾಲ" ಎಂದು ಕಾಗೆಯ ಹತ್ತಿರ ಕ್ರಾಪು ಕೇಳುತ್ತಿತ್ತು ಎಮ್ಮೆ, ದಪ್ಪ ಗಂಟಲಿನಲ್ಲಿ.

"ಇದು ಗಂಡಸ್ರ ಅಂಗಡಿ ಕಣಮ್ಮ. ಹೆಂಗಸ್ರದ್ದು ಬ್ಯೂಟಿ ಪಾರ್ಲರು ಮಂಚೇನಹಳ್ಳೀಲೈತೆ. ಅದೀಗ ತಾಲ್ಲೂಕು, ಎಲ್ಲಾ ಬಂದೈತೆ ಅಲ್ಲಿ."

"ಮಂಚೇನಹಳ್ಳಿಕಿ ಬಸ್ಸೆಕ್ಕಡಪ್ಪಾ?" ಬಸ್ಸು ಎಲ್ಲೆಂದು ಎಮ್ಮೆಯ ಪ್ರಶ್ನೆ.

ಮಗಳು ನಕ್ಕು ನಕ್ಕು ಪುಸ್ತಕ ಕೆಳಗೆ ಬೀಳಿಸುತ್ತಿದ್ದಳು. ಎಮ್ಮೆ ಕೂತ ಭಾರಕ್ಕೆ ಕ್ಷೌರದ ಕುರ್ಚಿ ಮುರಿಯುವ ಪುಟ ಒಂದಿತ್ತು; ಅಲ್ಲಿ ಎಮ್ಮೆ ಎದ್ದು ನಿಂತು, ತಪ್ಪು ಕುರ್ಚಿಯದೇ, ಅದಕ್ಕೆ ಚಿಕ್ಕಂದಿನಿಂದ ಮುದ್ದೆ ಹಾಕಿ ಬೆಳೆಸಿದ್ದರೆ ಹೀಗಾಗುತ್ತಿರಲಿಲ್ಲ ಎಂದು ವಾದ ಮಾಡುತ್ತಿತ್ತು. ಇದು ಒಂದು ಬೆಳೆಯ ಕಥೆ. ಮುಂದಿನ ಬೆಳೆಯ ಹೊತ್ತಿಗೆ ಕುರ್ಚಿ ತಿರುಗಿ ಬೈಯುವುದನ್ನು ಕಲಿತಿರುತ್ತಿತ್ತು.

ಇದನ್ನೆಲ್ಲ ನಾನು ಕೇಳಿದ್ದು ರಜೆಯ ದಿನಗಳಲ್ಲಿ, ಅರ್ಧಂಬರ್ಧ. ಚೆನ್ನಾಗಿ ಕೇಳಿದ್ದು ಕೊನೆಯ ಪುಟ ಒಂದೇ. ಸಂಜೆ ಶಾಲೆ ಮುಗಿಸಿ ಬಂದು ನಾನು ಬೈಕು ನಿಲ್ಲಿಸುವುದಕ್ಕೂ ಅವರು ಕೊನೆಯ ಪುಟಕ್ಕೆ ಬರುವುದಕ್ಕೂ ಸರಿಹೋಗುತ್ತಿತ್ತು. ಆ ಪುಟದಲ್ಲಿ ನುಣ್ಣಗೆ ಬೋಳಿಸಿಕೊಂಡ ಎಮ್ಮೆ ಮನೆಯ ಬಾಗಿಲಿಗೆ ಬಂದು ನಿಂತಿದೆ. ಮೂಲೆಯಲ್ಲಿ, ಗೋಡೆಯ ಮರೆಯಿಂದ, ಒಂದು ಕರು ಇಣುಕಿದೆ. ಕೆಳಗೆ ಅಚ್ಚಾಗಿರುವುದು ಇಷ್ಟು: "ಎಮ್ಮೆ ಸಂತೋಷದಿಂದ ಮನೆಗೆ ಹೋಯಿತು." ಕರುವಿನ ಸುದ್ದಿಯೇ ಇಲ್ಲ.

ನನ್ನ ಹೆಂಡತಿಯ ಕಥೆ ಆ ಕರುವಿನಲ್ಲೇ ಮುಗಿಯುತ್ತಿತ್ತು. ಮಿಕ್ಕ ಪುಟಗಳು ಬೆಳೆಯಿಂದ ಬೆಳೆಗೆ ಬದಲಾಗುತ್ತಿದ್ದವು, ಅದೊಂದು ಮಾತ್ರ ಬದಲಾಗುತ್ತಿರಲಿಲ್ಲ.

"ಯಜಮಾನಪ್ಪ ಬಂದು ನೋಡ್ದ. ಇದ್ಯಾರ್ ಎಮ್ಮೆ, ನಮ್ದಲ್ಲ ಅಂದ. ನಾಯಿ ನೋಡಿ ಬೊಗಳ್ತು. ಹಾಲ್ ಹಾಕಿಸ್ಕೊಳ್ಳೋ ಅಜ್ಜಿ ನಂಗ್ ಗೊತ್ತಿಲ್ಲಮ್ಮ ಅಂದ್ಲು. ಯಾರ್ಗೂ ಗುರ್ತು ಸಿಗ್ಲಿಲ್ಲ. ಆಮೇಲೆ ಯಾರ್ಗ್ ಗುರ್ತು ಸಿಕ್ತು?"

"ಕರೂಗೆ" ಎಂದು ಮಗಳು ತೋಟ ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು.

"ಹೆಂಗ್ ಸಿಕ್ತು?"

"ಮೂಸ್ ನೋಡ್ತು."

"ಮೂಸ್ ನೋಡಿ ಏನಂತು?"

"ಅಂಬಾ ಅಂತು."

ಅಷ್ಟಾದ ಮೇಲೆ ನನ್ನ ಹೆಂಡತಿ ಪರದೆ ಸರಿಸಿ ಆಚೆ ಬರುತ್ತಿದ್ದಳು. ನೈಟಿಯ ಮೇಲೆ ಹೊದ್ದ ಟವೆಲು, ಕೂದಲಲ್ಲಿ ಸೊಪ್ಪಿನ ಚೂರು. ಮಗಳು ಆ ಟವೆಲಿಗೆ ಮೂಗಿಟ್ಟು ಮೂಸಿ ನೋಡಿ "ಅಂಬಾ" ಎನ್ನಬೇಕು. ಎಂದಮೇಲೆ ಎತ್ತಿಕೊಳ್ಳುವುದು. ಅದು ಅವರಿಬ್ಬರ ಪದ್ಧತಿ. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ನಿಂತ ನನ್ನನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ. "ನೀವ್ ಪರೀಕ್ಷೆ ಪೇಪರ್ ವಾಸ್ನೆ ಹೊಡೀತೀರ, ದೂರ ಇರಿ" ಎನ್ನುತ್ತಿದ್ದಳು ಹೆಂಡತಿ.

ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ಒಂದು ಬೆಳೆಯ ಕೊನೆಯ ವಾರದಲ್ಲಿ, ಬೆಳಗಿನ ಸೊಪ್ಪು ಹಾಕಿ ಬಂದ ನನ್ನ ಹೆಂಡತಿ ತಲೆನೋವು ಎಂದು ಮಲಗಿದಳು. ಅವಳು ಹಗಲು ಹೊತ್ತು ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ. ತಲೆಯೊಳಗೆ ನರ ಒಡೆದಿತ್ತು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಾತು ನಿಂತಿತ್ತು. ಮಾರನೆಯ ದಿನ ಅವಳೇ ಇರಲಿಲ್ಲ.

ಸೂತಕದ ಮನೆಯವರು ಹುಳು ಮನೆಗೆ ಕಾಲಿಡಬಾರದು. ಹುಳು ಮಾತ್ರ ಯಾರ ಸೂತಕವನ್ನೂ ಕೇಳುವುದಿಲ್ಲ, ಅದಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಬೇಕು. ಪಕ್ಕದ ತೋಟದ ಗಂಡ ಹೆಂಡತಿ ಬಂದು ಸೊಪ್ಪು ಹಾಕಿದರು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು, ತಿಥಿಯ ಹೊತ್ತಿಗೆ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೂ ಹಾಕಿ ಬಂದರು. ಅಷ್ಟು ಒಳ್ಳೆಯ ಗೂಡು ಆ ವರ್ಷ ಯಾರಿಗೂ ಬಂದಿರಲಿಲ್ಲವಂತೆ. "ನಿಮ್ಮನೆಯವ್ರ ಕೈಗುಣ ಸಾರ್" ಎಂದರು. ಸ್ಮಶಾನದಲ್ಲಿ ನಾನು ಅಷ್ಟು ಅತ್ತಿರಲಿಲ್ಲ. ಆ ಮಾತಿಗೆ ಅತ್ತುಬಿಟ್ಟೆ.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಮಗು ಚಿಕ್ಕದು, ಮರೆತುಬಿಡುತ್ತೆ, ಅದೊಂದು ಪುಣ್ಯ. ಗೌರಿಬಿದನೂರಿನಿಂದ ಬಂದ ನಮ್ಮ ದೊಡ್ಡಪ್ಪ ಇದನ್ನು ಕಾಫಿ ಕುಡಿಯುತ್ತಾ ಎರಡು ಸಲ ಹೇಳಿದರು. ಎರಡನೇ ಸಲ ನಾನು "ಮರೀಬಾರ್ದು ದೊಡ್ಡಪ್ಪ, ಏನ್ ಪುಣ್ಯ ಇದರಲ್ಲಿ" ಎಂದು ಜೋರಾಗಿಯೇ ಕೇಳಿಬಿಟ್ಟೆ. ಸಾವಿನ ಮನೆಯಲ್ಲಿ ಯಜಮಾನನ ಕೋಪಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಅವರು ಲೋಟ ಕೆಳಗಿಟ್ಟು ನನ್ನ ಬೆನ್ನು ಸವರಿದರು.

ತಿಥಿ ಕಳೆದು ನೆಂಟರೆಲ್ಲ ಹೋದ ಮೇಲೆ ಮಗಳು ಎಮ್ಮೆ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದಳು. ಓದಿದೆ. ಎಮ್ಮೆ ಕನ್ನಡಿ ನೋಡಿತು. ಕೂದಲು ತುಂಬ ಬೆಳೆದಿತ್ತು. ಅವಳು ನನ್ನ ಮುಖವನ್ನೇ ನೋಡಿದಳು.

"ಹಂಗಲ್ಲಪ್ಪ."

"ಇಲ್ಲಿ ಹಿಂಗೇ ಇದೆ ಕಣಮ್ಮ."

"ಸರ್ಯಾಗ್ ಓದು. ಅಮ್ಮ ಓದ್ದಂಗೆ ಓದು."

ಮರುದಿನ ನೆನಪಿದ್ದಷ್ಟು ಕೂಡಿಸಿಕೊಂಡು ಹೇಳಿದೆ. ಎಮ್ಮೆಗೆ ಮದುವೆ ಇದೆ ಎಂದೆ. "ಎಮ್ಮೆಗಲ್ಲ, ಎಮ್ಮೆ ಮದುವೆಗ್ ಹೋಗ್ತೈತೆ" ಎಂದಳು. ಬಸ್ಸಿನ ಮಾತು ಬಿಟ್ಟುಬಿಟ್ಟೆ. ಅದಕ್ಕೆ ಬೈಸಿಕೊಂಡೆ. ನನ್ನ ಬಾಯಲ್ಲಿ ಎಮ್ಮೆ ತೆಲುಗು ಆಡಿದರೆ ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿಯ ಹಾಗೆ ಕೇಳಿಸುತ್ತಿತ್ತು. ಆದರೂ ಅವಳು ತಿದ್ದುತ್ತಿದ್ದಳು, ನಾನು ತಿದ್ದಿಸಿಕೊಳ್ಳುತ್ತಿದ್ದೆ. ಹಗಲೆಲ್ಲ ಊರ ಮಕ್ಕಳ ತಪ್ಪು ತಿದ್ದುವವನು ಸಂಜೆ ನಾಲ್ಕು ವರ್ಷದವಳ ಮುಂದೆ ಕೈ ಕಟ್ಟಿ ಕೂರುತ್ತಿದ್ದೆ. ಆ ತಿದ್ದುವಿಕೆಯಲ್ಲಿ ನನ್ನ ಹೆಂಡತಿಯ ಮಾತು ಒಂದೊಂದೇ ವಾಪಸು ಬರುತ್ತಿತ್ತು. ಕಾಗೆಗೆ ಮೀಸೆ ಇತ್ತೆಂದು, ಕತ್ತರಿ ಅಲೀಪುರದ ಸಂತೆಯಲ್ಲಿ ಕೊಂಡದ್ದೆಂದು ನನಗೆ ಗೊತ್ತಾದದ್ದು ಆಗಲೇ. ನನಗೆ ಬದುಕಲು ಆ ಹೊತ್ತು ಬೇಕಾಗಿತ್ತು, ಮಗುವಿಗಿಂತ ಹೆಚ್ಚಾಗಿ.

ಎಮ್ಮೆಯ ದನಿ ಮಾತ್ರ ಸಿಗಲೇ ಇಲ್ಲ. ಅದನ್ನು ಹುಡುಕಿಕೊಂಡು ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆ ಅಂಗಳದಲ್ಲಿ ಹುಣಿಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಾನು ವಿಷಯ ಹೇಳಿ, ನನಗೆ ತಿಳಿದ ಮಟ್ಟಿಗೆ ಆ ದನಿ ಮಾಡಿ ತೋರಿಸಿದೆ. ಅವರು ಕಲ್ಲು ಕೆಳಗಿಟ್ಟರು.

"ಅದಿ ಮಾ ನಾಯನ ಗೊಂತಪ್ಪಾ" ಎಂದರು. ತಮ್ಮ ಅಪ್ಪನ ಗಂಟಲು ಅದು ಎಂದು. "ಚಿಕ್ಕವಳಿದ್ದಾಗ್ಲಿಂದ ತಾತನ್ನ ಅಣಕಿಸ್ತಿದ್ಲು. ಏಟು ತಿಂತಿದ್ಲು. ಬಿಡ್ತಿರ್ಲಿಲ್ಲ."

"ನೀವು ಒಂದ್ಸಲ ಹೇಳಿ ಅತ್ತೆ, ಮಗು ಕೇಳ್ಲಿ" ಎಂದೆ. ಮಗಳು ಪುಸ್ತಕ ತೆಗೆದು ಚಿತ್ರವನ್ನು ಅಜ್ಜಿಯ ಕಡೆ ತಿರುಗಿಸಿ, ಎತ್ತರಕ್ಕೆ ಹಿಡಿದು ನಿಂತಳು. ಅಲ್ಲಿ ಪರದೆ ಇರಲಿಲ್ಲ, ಆದರೂ ಅವಳಿಗೆ ಹಾಗೆ ಹಿಡಿದೇ ಅಭ್ಯಾಸ. ಅತ್ತೆ "ಏಮಪ್ಪಾ ಕಾಕಿ" ಎಂದು ಶುರು ಮಾಡಿದರು. ದನಿ ಥೇಟ್ ಅದೇ. ಮುಂದಿನ ಮಾತಿಗೆ ಹೋಗದೆ ಹುಣಿಸೆಹಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಮಗಳು ಪುಸ್ತಕವನ್ನು ಇನ್ನೂ ಮೇಲಕ್ಕೆ ಎತ್ತಿ ಹಿಡಿದಳು. "ಎಮ್ಮೆ ಅಳಲ್ಲ ಅಜ್ಜಿ" ಎಂದಳು, ತಿದ್ದುವ ದನಿಯಲ್ಲೇ.

ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಹುಳು ಮನೆಯ ಬೀಗ ತೆಗೆದೆ. ತೋಟವನ್ನು ಪಕ್ಕದವರಿಗೆ ಪಾಲಿಗೆ ಕೊಟ್ಟಿದ್ದೆ, ಈ ಮನೆಯನ್ನು ಮಾತ್ರ ಕೊಟ್ಟಿರಲಿಲ್ಲ. ಖಾಲಿ ಸ್ಟ್ಯಾಂಡುಗಳು, ಒಣಗಿದ ಕಡ್ಡಿ, ಸುಣ್ಣದ ವಾಸನೆ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಮಗಳಿಗೆ ಆಚೆಯಿಂದ ಪುಸ್ತಕ ಹಿಡಿಯಲು ಹೇಳಿದೆ. ಅಲ್ಲಿಂದ ಏನು ಕಾಣುತ್ತದೆ ನೋಡಬೇಕಾಗಿತ್ತು. ಪರದೆಯ ಆಚೆ ಒಂದು ಕಪ್ಪು ಗುಡ್ಡೆ ಕಂಡಿತು, ಅದು ಎಮ್ಮೆ. ಒಂದು ಕೆಂಪು ಚೌಕ, ಅದು ಕುರ್ಚಿ. ಅಕ್ಷರ ಒಂದೂ ಕಾಣಲಿಲ್ಲ. ಅಲ್ಲಿಯ ತನಕ ನಾನು, ಅವಳು ಅಚ್ಚಾದ ಸಾಲನ್ನು ಓದಿ ಅದಕ್ಕೆ ಉಪ್ಪು ಖಾರ ಸೇರಿಸುತ್ತಿದ್ದಳು ಎಂದುಕೊಂಡಿದ್ದೆ. ಓದಿಯೇ ಇರಲಿಲ್ಲ. ಇಡೀ ಪುಸ್ತಕವನ್ನು ಅವಳು ಆ ಕಪ್ಪು ಗುಡ್ಡೆಯೊಂದರಿಂದ ಹುಟ್ಟಿಸಿದ್ದಳು. ಕೊನೆಯ ಪುಟದ ಮೂಲೆಯ ಕರು ಅಲ್ಲಿಂದ ಬೆರಳಿನ ಗುರುತಿನಷ್ಟು ಇತ್ತು. ಅದನ್ನು ಮಾತ್ರ ಅವಳು ಹೇಗೆ ಬಿಡದೆ ಕಂಡಳೋ.

ಆಮೇಲೆ ನಾನು ಚಿಕ್ಕ ಮಕ್ಕಳ ಪುಸ್ತಕ ಬಹಳ ಕೊಂಡೆ. ಚಿಕ್ಕಬಳ್ಳಾಪುರಕ್ಕೆ ಯಾವ ಕೆಲಸಕ್ಕೆ ಹೋದರೂ ಒಂದೆರಡು ಬ್ಯಾಗಿನಲ್ಲಿರುತ್ತಿದ್ದವು. ಕೊಡೆ ನುಂಗಿದ ಮೇಕೆ, ಸೀನು ನಿಲ್ಲದ ಮೊಸಳೆ, ಹಲ್ಲುಸೆಟ್ಟು ಕಳೆದುಕೊಂಡ ದೆವ್ವ. ಮೊದಲು ಮೂಗು ಮುರಿಯುತ್ತಿದ್ದ ನನಗೆ ಈಗ ಅವುಗಳ ಬೆಲೆ ಗೊತ್ತಿತ್ತು. ಚಿತ್ರ ಒಂದು ಹೇಳಿ, ಸಾಲು ಇನ್ನೊಂದು ಹೇಳಿ, ನಡುವೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಆ ಜಾಗದಲ್ಲಿ ಮನೆಯವರು ಕೂತು ಮಾತಾಡಬೇಕು. ದೆವ್ವದ ಪುಸ್ತಕಕ್ಕೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮ ಹೋದ ಮೇಲೆ ಅಂಥ ನಗು ಅದೇ ಮೊದಲು, ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಎಮ್ಮೆ ಪುಸ್ತಕ ಮಾತ್ರ ಬೇರೆ. ಅದನ್ನು ತೆಗೆದರೆ ಅವಳು ನೆಟ್ಟಗೆ ಕೂತು ತಪ್ಪು ಹಿಡಿಯಲು ಸಿದ್ಧವಾಗುತ್ತಿದ್ದಳು. ಐದು ತುಂಬಿದ ಮೇಲೆ ಹಿಡಿಯುವ ತಪ್ಪುಗಳು ಕಡಿಮೆಯಾದವು. ನಾನು ಚೆನ್ನಾಗಿ ಕಲಿತುಬಿಟ್ಟೆ ಎಂದು ಮೊದಲು ಹೆಮ್ಮೆಪಟ್ಟೆ. ಒಂದು ದಿನ ಪರೀಕ್ಷೆ ಮಾಡಲೆಂದು ಬೇಕೆಂದೇ ಕಾಗೆಯ ಮೀಸೆ ಬಿಟ್ಟು ಹೇಳಿದೆ. ಅವಳು ಸುಮ್ಮನೆ ಹಾಳೆ ತಿರುವಿದಳು. ಇನ್ನೊಂದು ದಿನ ಕಂಡಕ್ಟರನ್ನು ಬಿಟ್ಟೆ. ಅದಕ್ಕೂ ಏನೂ ಅನ್ನಲಿಲ್ಲ. ಆಮೇಲೆ ಪರೀಕ್ಷೆ ಮಾಡುವುದನ್ನು ನಿಲ್ಲಿಸಿ, ಆ ಪುಸ್ತಕವನ್ನು ನಾನಾಗಿ ತೆಗೆಯುವುದನ್ನೂ ನಿಲ್ಲಿಸಿದೆ. ಕೇಳದಿದ್ದರೆ ಅವಳಿಗೆ ಇನ್ನೂ ನೆನಪಿದೆ ಎಂದುಕೊಳ್ಳಬಹುದಲ್ಲ.

ಈಗ ಅವಳು ಎರಡನೇ ಕ್ಲಾಸು. ಅಕ್ಷರ ಕಲಿಸಿದವನು ನಾನೇ. ಬೆರಳಿಟ್ಟು ಓದು, ಊಹೆ ಮಾಡಬೇಡ, ಬರೆದದ್ದನ್ನು ಬರೆದ ಹಾಗೆ ಓದು. ನನ್ನ ಸರ್ವೀಸಿನಲ್ಲಿ ಎಷ್ಟು ಮಕ್ಕಳಿಗೆ ಹೇಳಿದ ಪಾಠ, ಅವಳಿಗೂ ಹೇಳಿದೆ. ಬೇಗ ಕಲಿತಳು. ಈಚೆಗೆ ಚಿತ್ರ ಕಡಿಮೆ ಇರುವ, ಅಧ್ಯಾಯ ಅಧ್ಯಾಯವಾಗಿರುವ ಪುಸ್ತಕ ಶುರು ಮಾಡಿದ್ದಾಳೆ. ಶಾಲೆಯ ಬಿಸಿಯೂಟ ಕದಿಯುವ ಒಂದು ಮಂಗನ ಕಥೆ ಅದು. ದಿನಕ್ಕೊಂದು ಅಧ್ಯಾಯ ಒಬ್ಬಳೇ ಓದಿಕೊಂಡು ಕಿಸಕಿಸ ನಗುತ್ತಾಳೆ. ಏನೆಂದು ಕೇಳಿದರೆ "ನೀನೇ ಓದ್ಕೊಳಪ್ಪ" ಎನ್ನುತ್ತಾಳೆ.

ಹೋದ ಶನಿವಾರ ಮಧ್ಯಾಹ್ನ ಕಪಾಟು ಜೋಡಿಸುವಾಗ ಎಮ್ಮೆ ಪುಸ್ತಕ ಕೈಗೆ ಸಿಕ್ಕಿತು. ರಟ್ಟು ಬಿಟ್ಟಿದೆ, ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆ ಹಾಗೇ ಇದೆ. ಅವಳು ನನ್ನ ಕೈಯಿಂದ ತೆಗೆದುಕೊಂಡು "ನಾನ್ ಓದ್ತೀನಿ, ಕೂತ್ಕೊಳಪ್ಪ" ಎಂದಳು. ಪಕ್ಕದಲ್ಲಿ ಕೂತೆ. ಅವಳು ಬೆರಳಿಟ್ಟು ಓದಿದಳು. ಎಮ್ಮೆ ಕನ್ನಡಿ ನೋಡಿತು. ಕೂದಲು ತುಂಬ ಬೆಳೆದಿತ್ತು. ಎಮ್ಮೆ ಕ್ಷೌರದ ಅಂಗಡಿಗೆ ಹೋಯಿತು. ಎಲ್ಲೂ ತಡವರಿಸಲಿಲ್ಲ. ಒತ್ತಕ್ಷರವನ್ನೂ ಸ್ಪಷ್ಟವಾಗಿ ಹೇಳಿದಳು. ಬೇರೆ ಯಾರ ಮಗುವಾದರೂ ಬೆನ್ನು ತಟ್ಟಿ ಶಭಾಷ್ ಎನ್ನುತ್ತಿದ್ದೆ. ಬಸ್ಸಿನ ಜಾಗ ಬಂತು, ಹೋಯಿತು. ಕುರ್ಚಿ ಮುರಿಯಿತು, ಯಾರೂ ಯಾರನ್ನೂ ಬೈಯಲಿಲ್ಲ. ಎಮ್ಮೆ ಸಂತೋಷದಿಂದ ಮನೆಗೆ ಹೋಯಿತು ಎಂದು ಓದಿ ಪುಸ್ತಕ ಮುಚ್ಚಿದಳು.

"ಆಮೇಲೆ ಯಾರ್ಗ್ ಗುರ್ತು ಸಿಕ್ತು?" ಎಂದು ಕೇಳಿದೆ. ಕೇಳಬಾರದು ಎಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು.

"ಯಾರ್ ಗುರ್ತಪ್ಪ?"

"ಎಮ್ಮೇದು."

ಅವಳು ಕೊನೆಯ ಪುಟ ಮತ್ತೆ ತೆಗೆದು ಸಾಲಿನ ಮೇಲೆ ಬೆರಳು ಆಡಿಸಿದಳು. "ಹಂಗೇನೂ ಬರ್ದಿಲ್ವಲ್ಲ ಇಲ್ಲಿ" ಎಂದಳು. ಅವಳು ಹೇಳಿದ್ದು ಸರಿ. ಬರೆದಿಲ್ಲ. ಅದನ್ನು ಎಲ್ಲೂ ಬರೆದಿರಲಿಲ್ಲ.

ಬೆರಳು ಸಾಲು ಬಿಟ್ಟು ಮೇಲೆ ಸರಿದು ಮೂಲೆಗೆ ಹೋಯಿತು.

"ಅಯ್ಯೋ, ಇಲ್ಲೊಂದ್ ಕರು ಐತೆ. ಇದ್ಯಾರ್ದಪ್ಪ?"

"ಆ ಎಮ್ಮೇದೇ ಕಣಮ್ಮ."

ಅವಳು ಚಿತ್ರವನ್ನು ಹತ್ತಿರಕ್ಕೆ ತಂದುಕೊಂಡು ನೋಡಿದಳು. "ಅದ್ರ ಅಮ್ಮಂಗೆ ಕೂದ್ಲೇ ಇಲ್ವಲ್ಲ ಈಗ. ಇದು ನಮ್ಮಮ್ಮ ಅಂತ ಅದಕ್ಕೆ ಗೊತ್ತಾ?"

"ಗೊತ್ತಿತ್ತು ಮಗಾ" ಎಂದೆ.

ಅವಳ ಮುಂದೆ ಅಳಬಾರದೆಂದು ಕಪಾಟಿನ ಕಡೆ ತಿರುಗಿದೆ. ಅವಳು ಎಮ್ಮೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಮಂಗನ ಪುಸ್ತಕ ತೆಗೆದುಕೊಂಡು ಹೋದಳು.